ಬಾಗಿಲು ಕಾರ್ಖಾನೆಯ ಅಳಿಯ

ಇಷ್ಟು ವರ್ಷದ ನೌಕರಿಯಲ್ಲಿ ನಾನು ಬೇರೆಯವರಿಗಿಂತ ಚೆನ್ನಾಗಿ ಮಾಡಿದ ಕೆಲಸ ಒಂದೇ, ಹೆದರುವುದು. ಬೆಸುಗೆ ನನಗಿಂತ ಚೆನ್ನಾಗಿ ಹಾಕುವವರಿದ್ದರು, ಮೋಟಾರು ಬಿಚ್ಚಿ ಜೋಡಿಸುವವರಿದ್ದರು. ಬಿಚ್ಚಿದ ಮೋಟಾರಿನ ಎದುರು ಕೂತು ಇದು ಯಾರ ಕಾಲ ಮೇಲೆ ಬಿದ್ದೀತು ಎಂದು ಲೆಕ್ಕ ಹಾಕುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರಿರಲಿಲ್ಲ. ಯಲ್ಲಾಪುರದ ಹೊರಗೆ, ಹುಬ್ಬಳ್ಳಿ ರಸ್ತೆಯ ಬದಿಗೆ ಪ್ಲೈವುಡ್ ಬಾಗಿಲು ತಯಾರಿಸುವ ನಮ್ಮ ಕಾರ್ಖಾನೆಯವರು ಕೊನೆಗೆ ಇದನ್ನೇ ನನ್ನ ಹುದ್ದೆ ಮಾಡಿ, ‘ದುರಸ್ತಿ ಮತ್ತು ಸುರಕ್ಷತೆ’ ಎಂದು ಮೇಜಿನ ಮೇಲೆ ಫಲಕ ಇಟ್ಟರು. ಸಂಬಳ ಕೊಟ್ಟು ಚಿಂತೆ ಮಾಡಿಸಿದರು ಅನ್ನಿ. ಮನೆಯಲ್ಲಿ ಅದನ್ನೇ ಪುಕ್ಕಟೆ ಮಾಡುತ್ತಿದ್ದೆ.

ವಯಸ್ಸು ಇನ್ನೂ ಇರುವಾಗಲೇ ಸ್ವಯಂ ನಿವೃತ್ತಿ ತೆಗೆದುಕೊಂಡು ಈಗ ಶಿರಸಿಯಲ್ಲಿದ್ದೇನೆ. ಐಟಿಐ ಮುಗಿಸಿದ ಹುಡುಗ ಹುಡುಗಿಯರು ಆಗಾಗ ಬಂದು, “ಸರ್, ರೋಬೋಟ್ ಇರೋ ಕಡೆ ಕೆಲ್ಸ ಸಿಕ್ಕಿದೆ, ಎಂತ ಓದ್ಕಂಡು ಹೋಗ್ಬೇಕು?” ಎಂದು ಕೇಳುತ್ತಾರೆ. ಓದುವುದನ್ನು ಅಲ್ಲಿಯವರೇ ಕೊಡುತ್ತಾರೆ. ಓದಿನಲ್ಲಿ ಇಲ್ಲದ್ದನ್ನು ಇಲ್ಲಿ ಬರೆದಿಡುತ್ತೇನೆ.

ನಾನು ಸಿದ್ದಾಪುರ ತಾಲೂಕಿನವನು, ಹೆಗ್ಗರಣೆ ಕಡೆಯ ಒಕ್ಕಲು ಮನೆತನ. ಕೆಲಸಕ್ಕೆ ಸೇರಿದಾಗ ಕಾರ್ಖಾನೆಯಲ್ಲಿ ಸುರಕ್ಷತೆ ಅಂದರೆ ಅಂತೋನ ಮೇಸ್ತ್ರಿ. ಗರಗಸದ ವಿಭಾಗಕ್ಕೆ ಹೊಸಬರು ಬಂದರೆ ತಮ್ಮ ಎಡಗೈ ಎತ್ತಿ ತೋರಿಸುತ್ತಿದ್ದರು. ಅದರಲ್ಲಿ ಎರಡು ಬೆರಳು ಇರಲಿಲ್ಲ. “ಇಷ್ಟೇ ಪಾಠ. ಡೌಟಿದ್ರೆ ಕೇಳಿ” ಅನ್ನುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ನಾನೊಬ್ಬ ಕೇಳಿದೆ: “ಮೇಸ್ತ್ರಿ, ಮೊದಲು ಹೋದದ್ದು ಯಾವ ಬೆರಳು?” ಒಂದು ಬೆರಳು ಹೋದ ಮೇಲೂ ಎರಡನೆಯದು ಹೇಗೆ ಹೋಯಿತು ಎಂಬುದು ನನ್ನ ಚಿಂತೆ. ಅವರು ಎತ್ತಿದ ಕೈ ಇಳಿಸಿ, “ನೀನು ಗರಗಸಕ್ಕೆ ಬೇಡ, ಬೇರೆ ಕಡೆ ಹೋಗು” ಎಂದರು. ಹಾಗೆ ನಾನು ದುರಸ್ತಿ ವಿಭಾಗಕ್ಕೆ ಬಂದವನು.

ಆಗೆಲ್ಲ ಯಂತ್ರಗಳು ಒಂದು ಲೆಕ್ಕದಲ್ಲಿ ಸಭ್ಯವಾಗಿದ್ದವು. ಎಲ್ಲಿ ನೆಟ್ಟಿದ್ದೆವೋ ಅಲ್ಲೇ ನಿಂತು ತಿರುಗುತ್ತಿದ್ದವು. ಅವುಗಳ ಬಾಯಿಗೆ ಕೈ ಕೊಟ್ಟರೆ ಮಾತ್ರ ಕಚ್ಚುತ್ತಿದ್ದವು. ರೋಬೋಟ್ ಹಾಗಲ್ಲ. ನಾವು ನಿಂತ ಕಡೆಗೆ ಅದೇ ಕೈ ಚಾಚುತ್ತದೆ.

ಅದನ್ನು ತಂದ ದಿನವೇ ನನ್ನ ಮಾನ ಹೋಗಬೇಕಿತ್ತು. ಕರಾವಳಿ ಕಡೆಯಿಂದ ಲಾರಿಯಲ್ಲಿ ಬರುವುದಿತ್ತು. ಅರಬೈಲ್ ಘಟ್ಟದ ತಿರುವುಗಳನ್ನು ನೆನೆದು ನನಗೆ ಬೆಳಿಗ್ಗೆಯಿಂದ ಅನ್ನ ಸೇರಲಿಲ್ಲ. ಡ್ರೈವರನಿಗೆ ಮೇಲಿಂದ ಮೇಲೆ ಫೋನು ಮಾಡಿದೆ. ಎಲ್ಲಿದ್ದೀರಿ, ಹಗ್ಗ ಸಡಿಲಾಯಿತಾ, ಎದುರಿಗೆ ಟ್ಯಾಂಕರ್ ಬಂತಾ. ಕೊನೆಗೆ ಅವನು ಗಾಡಿ ಬದಿಗೆ ಹಾಕಿ, “ಸಾಹೇಬ್ರೆ, ಘಟ್ಟದಲ್ಲಿ ಈ ಲಾರಿಗೆ ಅಂತ ಅಪಾಯ ಇದ್ರೆ ನಿಮ್ಮ ಫೋನ್ ಒಂದೇಯ. ಇಟ್ಟುಬಿಡಿ ಮಾರಾಯ್ರೆ” ಎಂದ. ಸುರಕ್ಷತಾ ಅಧಿಕಾರಿಗೆ ಸಿಕ್ಕ ಮೊದಲ ಪ್ರಮಾಣಪತ್ರ ಅದು.

ರೋಬೋಟ್ ಎಂದರೆ ಸಿನಿಮಾದಲ್ಲಿ ಬರುವಂಥ ಕಣ್ಣು ಮೂಗಿನ ಬೊಂಬೆಯಲ್ಲ. ನೆಲಕ್ಕೆ ಬಿಗಿದ, ಆಳೆತ್ತರದ ಒಂದು ಕಬ್ಬಿಣದ ತೋಳು. ತುದಿಯಲ್ಲಿ ರಬ್ಬರ್ ಬಟ್ಟಲುಗಳು. ಅವು ಗಾಳಿ ಹೀರಿ ಬಾಗಿಲನ್ನು ಕಚ್ಚಿ ಹಿಡಿಯುತ್ತವೆ, ತೋಳು ಅದನ್ನು ಎತ್ತಿ, ತಿರುಗಿ, ಬೇಕಾದಲ್ಲಿ ಇಡುತ್ತದೆ. ಅಲ್ಲಿಯವರೆಗೆ ಆ ಕೆಲಸ ಮಾಡುತ್ತಿದ್ದವರು ಇಬ್ಬರು: ನಮ್ಮ ಊರ ಕಡೆಯ ಮಾಬ್ಲ, ಬನವಾಸಿ ಕಡೆಯ ಬಸಣ್ಣ. ಬಾಗಿಲಿನ ಒಂದು ತುದಿ ಇವನು, ಇನ್ನೊಂದು ತುದಿ ಅವನು. ವರ್ಷಗಟ್ಟಲೆ ಹೀಗೆ ಹೊತ್ತು ಇಬ್ಬರ ಸೊಂಟವೂ ಒಂದೇ ಕಡೆಗೆ ವಾಲಿತ್ತು. ಒಬ್ಬ ಹೆಜ್ಜೆ ಎತ್ತಿದರೆ ಇನ್ನೊಬ್ಬನಿಗೆ ಹೇಳಬೇಕಿರಲಿಲ್ಲ.

ಯಂತ್ರ ಬಂದರೆ ತಮ್ಮನ್ನು ಮನೆಗೆ ಕಳಿಸುತ್ತಾರೆಂದು ಇಬ್ಬರೂ ಮುಖ ಊದಿಸಿಕೊಂಡಿದ್ದರು. ಹಾಗಾಗಲಿಲ್ಲ. ಭಾರ ಎತ್ತುವುದು ತೋಳಿನ ಪಾಲಿಗೆ, ಕಣ್ಣಿನ ಕೆಲಸ ಇವರ ಪಾಲಿಗೆ ಎಂದು ಹಂಚಿದೆವು. ಮಾಬ್ಲ ತನ್ನ ಮೇಜಿನಲ್ಲಿ ಬಾಗಿಲಿನ ಅಂಚು ನೋಡಿ ಉರುಳೆಗಳ ಮೇಲೆ ಒಳಗೆ ತಳ್ಳಬೇಕು. ತೋಳು ಅದನ್ನೆತ್ತಿ ಬಸಣ್ಣನ ಮೇಜಿಗೆ ಇಡುತ್ತದೆ. ಬಸಣ್ಣ ತೂತುಗಳಿಗೆ ಪುಟ್ಟಿ ತುಂಬಿ ಮತ್ತೆ ಒಳಗೆ ತಳ್ಳಿದರೆ ತೋಳು ಅದನ್ನು ಆಚೆ ಪೇರಿಸುತ್ತದೆ. ತೋಳು ಓಡಾಡುವ ಜಾಗಕ್ಕೆ ಸುತ್ತ ಜಾಲರಿ. ಮೇಜುಗಳಿರುವ ಎರಡು ಕಡೆ ಜಾಲರಿ ಹಾಕುವಂತಿರಲಿಲ್ಲ, ಬಾಗಿಲು ಹೋಗಬೇಕಲ್ಲ. ಅಲ್ಲಿ ಕಂಬಗಳ ನಡುವೆ ಕಣ್ಣಿಗೆ ಕಾಣದ ಬೆಳಕಿನ ಕಿರಣಗಳು. ಬಾಗಿಲು ಅವುಗಳ ಕೆಳಗಿನಿಂದ ಜಾರಿ ಹೋಗುತ್ತದೆ. ಕೈ ಅಡ್ಡ ಬಂದರೆ ತೋಳು ಇದ್ದಲ್ಲೇ ನಿಲ್ಲುತ್ತದೆ. ಮತ್ತೆ ಹೊರಡಿಸಬೇಕಾದರೆ ನಾನು ಬಂದು, ಒಳಗೆ ಯಾರೂ ಇಲ್ಲವೆಂದು ನೋಡಿ, ಹಸಿರು ಗುಂಡಿ ಒತ್ತಬೇಕು. ಅವಸರಕ್ಕೆ ನಿಲ್ಲಿಸಲು ಹಿಂದಿನ ಕಂಬಕ್ಕೆ ಒಂದು ಕೆಂಪು ಗುಂಡಿ.

ಇದನ್ನೆಲ್ಲ ಕೆಲಸಗಾರರಿಗೆ ವಿವರಿಸಲು ನಾನೊಂದು ಭಾಷಣ ಇಟ್ಟುಕೊಂಡೆ. ಕಂಬದ ಪಕ್ಕ ನಿಂತು, ಕೈ ಹಿಂದೆ ಕಟ್ಟಿಕೊಂಡು, “ಗೆರೆ ದಾಟಬಾರದು, ಕೂದಲೆಳೆಯಷ್ಟೂ ದಾಟಬಾರದು” ಎಂದು ಹೇಳುತ್ತಿದ್ದಂತೆ ತೋಳು ಗಕ್ಕನೆ ನಿಂತಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಕೆಳಗೆ ನೋಡಿದೆ. ಕೈ ಹಿಂದೆಯೇ ಇತ್ತು. ಹೊಟ್ಟೆ ಮುಂದೆ ಹೋಗಿತ್ತು.

“ನಾಯ್ಕರೆ, ಅದಕ್ಕೆ ಕೈಯ ಹೊಟ್ಟೆಯ ಅಂತ ಭೇದ ಇಲ್ಲ ಅಂದಂಗಾಯ್ತು” ಎಂದ ಮಾಬ್ಲ. ನನ್ನ ಭಾಷಣದಲ್ಲಿ ಅವರಿಗೆ ನೆನಪುಳಿದದ್ದು ಅದೊಂದೇ. ಆದರೆ ಚೆನ್ನಾಗಿ ಉಳಿಯಿತು. ಕಲಿಸುವವರು ಒಮ್ಮೆ ನಗೆಗೀಡಾಗುವುದು ಒಳ್ಳೆಯದು.

ತೋಳಿಗೆ ಹೆಸರಿಟ್ಟವನು ಬಸಣ್ಣ. “ಸಾವಕಾರ್ರು ಸಾಲಾ ಮಾಡಿ ತಂದಾರ, ಮೂಲ್ಯಾಗ ಕುಂದರ್ಸಿ ಸುತ್ತಾ ಬೇಲಿ ಹಾಕ್ಯಾರ, ಯಾರೂ ಮುಟ್ಟಂಗಿಲ್ಲ, ಮುಟ್ಟಿದ್ರ ಕೆಲಸಾನ ಬಂದ್! ಇದು ರೋಬೋಟ್ ಅಲ್ರೀ, ಅಳಿಯ ಐತಿ” ಎಂದ. ಅಂದಿನಿಂದ ಅದು ಅಳಿಯ. ನಿಂತರೆ ‘ಅಳಿಯ ಮುನಿಸ್ಕಂಡ’. ನಾನು ಓಡಿ ಹೋಗಿ ಗುಂಡಿ ಒತ್ತಿದರೆ ‘ನಾಯ್ಕರು ಅಳಿಯನ ಕಾಲಿಗೆ ಬಿದ್ರು’.

ಅಳಿಯ ಬಹಳ ಮುನಿಯತೊಡಗಿದ. ಬೆಳಗಿನಿಂದ ಸಂಜೆಯವರೆಗೆ ನನಗೆ ಅದೇ ಓಡಾಟವಾಯಿತು. ಮ್ಯಾನೇಜರ್ ಕುಲಕರ್ಣಿಯವರು ಧಾರವಾಡದ ಕಡೆಯವರು. ಕೆಟ್ಟವರಲ್ಲ, ಆದರೆ ನಿಂತ ಯಂತ್ರ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು.

“ಏನ್ರೀ ನಾಯ್ಕ, ಇಬ್ಬರು ಹೊತ್ಕೊಂಡು ಹೋಗ್ತಿದ್ದಾಗ ಇದಕ್ಕಿಂತ ಹೆಚ್ಚು ಬಾಗಿಲು ಆಗ್ತಿದ್ವಲ್ರೀ! ಆ ಕಿರಣದ್ದು ಏನೋ ಕೀಲಿ ಅದ ಅಂದ್ರಲ್ಲ, ಅದನ್ನ ತಿರುವಿ ಇಟ್‌ಬಿಡ್ರಿ.”

ಕೀಲಿ ಇತ್ತು. ಅದನ್ನು ತಿರುಗಿಸಿದರೆ ಕಿರಣಕ್ಕೆ ಯಾರು ಅಡ್ಡ ಬಂದರೂ ತೋಳು ನಿಲ್ಲದೆ ಕೆಲಸ ಮಾಡುತ್ತದೆ. ದುರಸ್ತಿ ಸಮಯಕ್ಕೆಂದು ಕೊಟ್ಟದ್ದು. ನನ್ನ ವಶದಲ್ಲಿತ್ತು. ವಶ ಎಂದರೆ ಉಡಿದಾರಕ್ಕೆ ಕಟ್ಟಿಕೊಂಡಿದ್ದೆ. ಜೇಬಿನಲ್ಲಿಟ್ಟರೆ ಬಿದ್ದೀತು, ಡ್ರಾವರಿನಲ್ಲಿಟ್ಟರೆ ಯಾರಾದರೂ ತೆಗೆದಾರು. ಹೆಂಡತಿ ಶಾರದಾ, “ತಾಳಿ ಕಟ್ಟಿದ್ದು ನಂಗೆ, ನೀವು ಕಟ್ಕಂಡು ತಿರ್ಗೂದು ಮಿಷಿನ್ನಿನ ಕೀಲಿ” ಅನ್ನುತ್ತಿದ್ದಳು.

ಸಾಹೇಬರ ಎದುರು ಆಗುವುದಿಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಕೀಲಿ ತಿರುಗಿಸುವ ಧೈರ್ಯವೂ ಇರಲಿಲ್ಲ. ಎರಡು ಹೆದರಿಕೆಗಳ ನಡುವೆ ನಾನು ಮಾಡಿದ್ದು ಇಷ್ಟೇ: “ನೋಡ್ತೇನೆ ಸರ್, ಮೊದ್ಲು ಯಾಕೆ ನಿಲ್ತದೆ ಅಂತ ನೋಡ್ತೇನೆ” ಎಂದು ದಿನ ಮುಂದೂಡಿದೆ. ಮುಂದೂಡಿದ ಮೇಲೆ ನಿಜಕ್ಕೂ ನೋಡಬೇಕಾಯಿತು. ಒಂದು ಸ್ಟೂಲು ಹಾಕಿಕೊಂಡು ಕೂತೆ.

ಕಾರಣ ಕವಳ.

ಘಟ್ಟದ ಮೇಲಿನವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಎಲೆ, ಅಡಿಕೆ, ಸುಣ್ಣ, ಬೇಕಾದವರಿಗೆ ತಂಬಾಕು ಸೇರಿಸಿ ಹಾಕಿಕೊಳ್ಳುವುದಕ್ಕೆ ನಾವು ಕವಳ ಅನ್ನುತ್ತೇವೆ. ಮರದ ಹೊಟ್ಟು ತುಂಬಿದ ಕಾರ್ಖಾನೆಯಲ್ಲಿ ಬೀಡಿ ಸಿಗರೇಟಿಗೆ ಕಟ್ಟುನಿಟ್ಟಿನ ನಿಷೇಧ, ಬೆಂಕಿಯ ಭಯ. ಹಾಗಾಗಿ ಅಲ್ಲಿ ಎಲ್ಲರ ಬಾಯಲ್ಲೂ ಕವಳ. ಮಾಬ್ಲನ ಸಂಚಿಯಲ್ಲಿ ಎಲೆ ಅಡಿಕೆ. ಸುಣ್ಣದ ಡಬ್ಬಿ, ತಂಬಾಕು ಬಸಣ್ಣನ ಕಿಸೆಯಲ್ಲಿ. ಬಾಗಿಲು ಹೊರುವ ಕಾಲದಿಂದಲೂ ಹಾಗೇ. ಅರ್ಧ ಕವಳ ಒಬ್ಬನ ಹತ್ತಿರ, ಅರ್ಧ ಇನ್ನೊಬ್ಬನ ಹತ್ತಿರ. ಈಗ ನಡುವೆ ಅಳಿಯ ಕೂತಿದ್ದ. ಅವರ ಎರಡು ಮೇಜುಗಳೂ ಒಂದು ಮೂಲೆಯಲ್ಲಿ ಹತ್ತಿರ ಬರುತ್ತಿದ್ದವು. ಅಲ್ಲಿ ಇಬ್ಬರೂ ಕೈ ಚಾಚಿದರೆ ಬೆರಳು ತಾಗುತ್ತಿತ್ತು. ಆ ಮೂಲೆ ಕಿರಣಗಳ ಒಳಗಿತ್ತು. ಎಲೆ ಈಚೆಯಿಂದ ಹೋಗುವಾಗ ಒಮ್ಮೆ ಅಳಿಯನಿಗೆ ಮುನಿಸು, ಸುಣ್ಣ ಆಚೆಯಿಂದ ಬರುವಾಗ ಇನ್ನೊಮ್ಮೆ.

ಬಹಳ ಬುದ್ಧಿವಂತಿಕೆಯಿಂದ ನಾನು ಸಂತೆಗೆ ಹೋಗಿ ಒಂದು ಸುಣ್ಣದ ಡಬ್ಬಿ, ಒಂದು ಸಂಚಿ ತಂದೆ. ಇಬ್ಬರಿಗೂ ಪೂರ್ತಿ ಸಾಮಾನು ಆಯಿತು, ಇನ್ನು ಕೈ ಚಾಚುವ ಅಗತ್ಯವಿಲ್ಲ ಎಂದೆ. ಇಬ್ಬರೂ ಮರ್ಯಾದೆಯಿಂದ ತೆಗೆದುಕೊಂಡರು. ಮಧ್ಯಾಹ್ನಕ್ಕೆ ಮತ್ತೆ ಅಳಿಯ ನಿಂತ.

“ಮತ್ತೆಂತದೋ ಮಾಬ್ಲ? ಸುಣ್ಣ ಕೊಟ್ಟೆನಲ್ಲ!”

“ಕೊಟ್ರಿ. ಅಡ್ಡಿಲ್ಲ, ಚಲೋ ಸುಣ್ಣವೇಯ” ಎಂದ ಮಾಬ್ಲ. “ಆದ್ರೆ ಎದ್ರಿಗೆ ಅಂವ ಇರುವಾಗ ನಾನೊಬ್ನೇ ಎಲೆ ಮಡಚಿ ಬಾಯಿಗೆ ಹಾಕ್ಕಂಬೂದು ಹೆಂಗೆ ನಾಯ್ಕರೆ? ನೀವಾದ್ರೂ ಮನೇಲಿ ಯಾರೂ ನೋಡ್ದೇ ಹೋದ್ರೆ ಮಾತ್ರ ಹಂಗೆ ತಿಂತ್ರಿ.”

ಆಚೆಯಿಂದ ಬಸಣ್ಣ, “ಕೊಡದ ತಿನ್ನಾವ ಮನಿಶಾ ಅಲ್ರೀ” ಎಂದ.

ಕುಲಕರ್ಣಿಯವರು ದಿನಕ್ಕೊಮ್ಮೆ ನನ್ನ ಸೊಂಟದ ಕಡೆ ನೋಡಿ ಹೋಗುತ್ತಿದ್ದರು. ಒಂದು ದಿನ ನೇರವಾಗಿಯೇ ಹೇಳಿದರು: “ತಿಂಗಳ ಕೊನೀತನಕಾ ನೋಡ್ತೀನಿ. ಆಮೇಲೆ ಕೀಲಿ ನನ್ನ ಕೈಯಾಗ ಕೊಡ್ರಿ, ನಾನ ತಿರುವ್ತೀನಿ.”

ಅದಾಗಿ ಸ್ವಲ್ಪ ದಿನಕ್ಕೆ ಪವಾಡ ಆಯಿತು. ಅಳಿಯ ನಿಲ್ಲುವುದು ಕಡಿಮೆಯಾಯಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಅಷ್ಟೆ. ನನ್ನ ಮಾತು ಕೊನೆಗೂ ತಲೆಗೆ ಹೋಯಿತು ಎಂದುಕೊಂಡೆ. ಕುಲಕರ್ಣಿಯವರು ಬೆನ್ನು ತಟ್ಟಿದರು. ನಾನು ಜೀವನದಲ್ಲಿ ಅಪರೂಪಕ್ಕೆ ನಿಶ್ಚಿಂತನಾದೆ. ಕಿರಿಯರಿಗೆ ಹೇಳುವುದು ಇದನ್ನೇ: ತೊಂದರೆ ತನ್ನಷ್ಟಕ್ಕೆ ನಿಂತಿತೆಂದರೆ ಅದು ಹೋಗಿರುವುದಿಲ್ಲ, ಬೇರೆ ದಾರಿ ಹಿಡಿದಿರುತ್ತದೆ. ಆ ದಾರಿ ಯಾವುದೆಂದು ಹೋಗಿ ನೋಡಬೇಕು. ನಾನು ನೋಡಲಿಲ್ಲ, ಬೆನ್ನು ತಟ್ಟಿಸಿಕೊಳ್ಳುತ್ತಿದ್ದೆ.

ಅವರು ಎಸೆಯುವುದನ್ನು ಕಲಿತಿದ್ದರು. ಕಂಬಕ್ಕಿಂತ ಮೇಲೆ ಕಿರಣವಿಲ್ಲ. ಎಲೆಯ ಪೊಟ್ಟಣ ಈಚೆಯಿಂದ ಹಾರಿ ಹೋಗುತ್ತಿತ್ತು, ಸುಣ್ಣದ ಡಬ್ಬಿ ಆಚೆಯಿಂದ ಹಾರಿ ಬರುತ್ತಿತ್ತು. ಅಳಿಯನಿಗೆ ಗೊತ್ತೇ ಆಗುತ್ತಿರಲಿಲ್ಲ.

ಒಂದು ದಿನ ಊಟದ ಮೇಲಿನ ಹೊತ್ತು. ಮಾಬ್ಲ ತನ್ನ ಕವಳ ಮುಗಿಸಿಕೊಂಡು, ಬಾಯಿ ತುಂಬ ರಸ ಇಟ್ಟುಕೊಂಡು, ಡಬ್ಬಿಯನ್ನು ಬಸಣ್ಣನಿಗೆ ತಿರುಗಿ ಎಸೆದ. ಅದು ತೋಳಿನ ಬೆನ್ನಿಗೆ ತಾಗಿ ಒಳಗೆ, ನೆಲದ ಮೇಲೆ ಬಿತ್ತು. ಉರುಳೆ ಮೇಜಿನ ಕೆಳಗೆ ತಗಡು ಹೊಡೆದಿದ್ದೆವು, ಯಾರೂ ನುಸುಳಬಾರದೆಂದು. ಆ ದಿನ ಹೊಟ್ಟು ಗುಡಿಸಲು ಬಸಣ್ಣನ ಮೇಜಿನ ತಗಡು ತೆಗೆದವರು ಮರಳಿ ಹಾಕಿರಲಿಲ್ಲ. ಬಸಣ್ಣ ತೋಳಿನ ಕಡೆ ನೋಡಿದ. ಅದು ಆಚೆ ಪೇರಿಸಲು ತಿರುಗಿತ್ತು. ವರ್ಷಗಟ್ಟಲೆ ಜೊತೆಗಾರನ ಹೆಜ್ಜೆ ಅಳೆದು ನಡೆದವನು ಅವನು, ಇದರ ಹೆಜ್ಜೆಯೂ ತನಗೆ ಗೊತ್ತೆಂದುಕೊಂಡ. ಬಗ್ಗಿ ಒಳಗೆ ನುಸುಳಿದ.

ತೋಳಿನ ಜಾಗದಲ್ಲಿ ಮಾಬ್ಲನಿದ್ದಿದ್ದರೆ ಬಸಣ್ಣ ಬಗ್ಗಿದ್ದನ್ನು ಕಂಡು ನಿಲ್ಲುತ್ತಿದ್ದ. ತೋಳು ಪೇರಿಸಿ ಮುಗಿಸಿ, ಮಾಬ್ಲನ ಮೇಜಿನಿಂದ ಇನ್ನೊಂದು ಬಾಗಿಲು ಎತ್ತಿಕೊಂಡು, ಬಸಣ್ಣನ ಮೇಜಿನ ಕಡೆಗೆ ತಿರುಗಿತು. ಕಿರಣದ ಕೆಳಗಿನಿಂದ ಒಳಗೆ ಹೋದ ಬಸಣ್ಣ ಅದರ ಪಾಲಿಗೆ ಇಲ್ಲವೇ ಇಲ್ಲ.

ನಾನು ಅಂಟು ಒತ್ತುವ ಯಂತ್ರದ ಹತ್ತಿರ ಇದ್ದೆ. ನನಗೆ ಕೇಳಿಸಿದ್ದು ಒಂದು ವಿಚಿತ್ರ ದನಿ, ಗಂಟಲಲ್ಲೇ ಸಿಕ್ಕಿಕೊಂಡಂಥದ್ದು. ತಿರುಗಿ ನೋಡಿದರೆ ಮಾಬ್ಲ ಮೇಜಿನ ಮೇಲೆ ಬೋರಲು ಬಿದ್ದಿದ್ದ. ಎರಡೂ ಕೈ ಕಿರಣದೊಳಗೆ ಉದ್ದಕ್ಕೆ ಚಾಚಿ, ಗಲ್ಲದ ಮೇಲೆಲ್ಲ ಕೆಂಪು. ರಕ್ತ ಎಂದೇ ತಿಳಿದೆ. ಆಮೇಲೆ ಅಳಿಯ ಕಾಣಿಸಿದ. ಬಾಗಿಲು ಹಿಡಿದುಕೊಂಡು ನಡುಗಾಳಿಯಲ್ಲಿ ನಿಂತಿದ್ದ. ಆ ಬಾಗಿಲಿನ ಅಂಚಿಗೂ ಬಗ್ಗಿದ ಬಸಣ್ಣನ ತಲೆಗೂ ನಡುವೆ ಒಂದು ಮೊಳವೂ ಇರಲಿಲ್ಲ.

ಬಸಣ್ಣ ನಿಧಾನಕ್ಕೆ ಹಿಂದೆ ಸರಿದು ಹೊರಗೆ ಬಂದ. ಅವನ ಕೈಯಲ್ಲಿ ಡಬ್ಬಿ ಇತ್ತು. ನಾನು ಮಾಬ್ಲನನ್ನು ಹಿಡಿದೆತ್ತಿದೆ. ಅವನು ಉಗುಳಿ, ಬಾಯಿ ಒರೆಸಿಕೊಂಡು ಕುಕ್ಕರುಗಾಲಲ್ಲಿ ಕೂತ.

“ಕೂಗೂಕೆ ಆಗ್ಲಿಲ್ಲ ನಾಯ್ಕರೆ” ಎಂದ. “ಬಾಯಿ ತುಂಬ ಇತ್ತು. ಬಸಣ್ಣಾ ಅನ್ನೂಕೆ ಆಗ್ಲಿಲ್ಲ. ಕೆಂಪು ಗುಂಡಿ ಹಿಂದೆ ಎಲ್ಲೋ ಕಂಬಕ್ಕೆ. ಕೈ ಹಾಕಿದ್ರೆ ನಿಲ್ತದೆ ಅಂತ ಒಂದು ಗೊತ್ತಿತ್ತು. ಹಾಕ್ದೆ.”

ಅಷ್ಟರಲ್ಲಿ ಕುಲಕರ್ಣಿಯವರು ಬಂದಿದ್ದರು. ಏನಾಯಿತೆಂದು ಕೇಳಿ ತಿಳಿದುಕೊಂಡರು. ಮೊದಲು ಸಿಟ್ಟು ಬಂತು. ಇಬ್ಬರೂ ನಾಳೆಯಿಂದ ಗೇಟಿನೊಳಗೆ ಕಾಲಿಡಬಾರದು ಎಂದು ಕೂಗಿದರು. ಕೂಗುತ್ತ ಕೂಗುತ್ತ ನಿಂತ ತೋಳನ್ನು ನೋಡಿದರು, ಮಾಬ್ಲನ ಕೈ ನೋಡಿದರು, ನನ್ನ ಸೊಂಟದ ಕಡೆ ನೋಡಿದರು. ಕೀಲಿ ತಿರುಗಿಸಿದ್ದರೆ ಆ ಕೈಗಳು ಒಳಗೆ ಹೋಗಿದ್ದರೂ ಅಳಿಯ ನಿಲ್ಲುತ್ತಿರಲಿಲ್ಲ. ಅವರು ಪಕ್ಕದಲ್ಲಿದ್ದ ನನ್ನ ಸ್ಟೂಲಿನ ಮೇಲೆ ಕೂತು, “ನೀರು ಕೊಡ್ರಿ” ಎಂದರು.

ನೀರು ಕುಡಿದ ಮೇಲೆ, “ಹೇಳ್ರಿ ನಾಯ್ಕ, ಏನ್ ಮಾಡೋಣು? ಇವರನ್ನ ಇಟ್ಕೊಂಡ್ರ ನಾಳೆ ಮತ್ತ ಇದ ಕಥಿ” ಎಂದರು.

ಆಗ ನನ್ನ ಬಾಯಿಂದ ಬಂದ ಮಾತು ನನಗೇ ಹೊಸದು. “ಸರ್, ಇವ್ರನ್ನ ಬದಲಿಸಿದ್ರೂ ಬರುವವರೂ ಕವಳ ಹಾಕುವವರೇ. ಮೇಜು ಬದಲಿಸುವಾ. ಇಬ್ರನ್ನೂ ಒಂದೇ ಬದಿಗೆ ತರುವಾ. ಅಳಿಯ ಇವ್ರಿಬ್ಬರ ನಡುವೆ ಇರೂದು ಬೇಡ, ಇವ್ರ ಎದುರಿಗಿರ್ಲಿ.”

“ಬಾಗಿಲು ಸುತ್ತ ಹಾಕಿ ಬರಬೇಕಾಗ್ತದ. ತಡಾ ಆಗ್ತದಲ್ರೀ.”

“ಒಂದೊಂದು ಬಾಗಿಲಿಗೆ ಸ್ವಲ್ಪ ತಡ ಆಗ್ತದೆ. ನಿಂತು ನಿಂತು ಹೋಗೂದಕ್ಕಿಂತ ಬೇಗ.”

ಅವರು ತಲೆ ಕೆರೆದುಕೊಂಡು, ಒಂದು ವಾರ ನೋಡೋಣ ಎಂದರು. ಗೇಟಿನ ಮಾತು ಮತ್ತೆ ಎತ್ತಲಿಲ್ಲ.

ಎರಡು ದಿನ ಕೆಲಸ ನಿಲ್ಲಿಸಿ ಎಲ್ಲವನ್ನೂ ಬದಲಿಸಿದೆವು. ಎರಡೂ ಮೇಜು ಅಕ್ಕಪಕ್ಕ ಬಂದವು. ಕಿರಣ ಒಂದೇ ಬದಿಗೆ ಸಾಕಾಯಿತು. ಮೇಜಿನ ಕೆಳಗಿನ ತಗಡು ತೆಗೆದರೆ ಅಳಿಯ ತಾನಾಗಿ ನಿಲ್ಲುವಂತೆ ತಂತಿ ಜೋಡಿಸಿದೆವು. ಕೆಂಪು ಗುಂಡಿ ಕಂಬ ಬಿಟ್ಟು ಇಬ್ಬರ ನಡುವೆ, ಮೊಣಕೈಯಿಂದಲೂ ಒತ್ತಬಹುದಾದ ಕಡೆ ಬಂತು. ತೋಳು ಮುಂದೆ ಎತ್ತ ತಿರುಗುತ್ತದೆಂದು ಮೊದಲೇ ಗೊತ್ತಾಗಲು ಒಂದು ಹಳದಿ ದೀಪ ಹಾಕಿದೆವು. ಮನುಷ್ಯ ತಿರುಗುವ ಮೊದಲು ಅವನ ಭುಜ ಹೇಳುತ್ತದೆ, ಯಂತ್ರಕ್ಕೆ ಭುಜವಿದ್ದರೂ ಅದು ಹೇಳುವುದಿಲ್ಲ. ಆ ದೀಪ ಅದರ ಬಾಯಿ.

ಎಲ್ಲ ಮುಗಿದು ಮತ್ತೆ ಶುರು ಮಾಡುವ ಬೆಳಿಗ್ಗೆ ಮಾಬ್ಲ ಬಂದು ನನ್ನ ಮೇಜಿನ ಎದುರು ನಿಂತ. ಅವನು ಹಾಗೆ ಬಂದವನಲ್ಲ.

“ನಾಯ್ಕರೆ, ನೀವು ದೀಪ ಹಾಕಿದ್ರಿ, ಗುಂಡಿ ಹಾಕಿದ್ರಿ. ಚಲೋ ಆಯ್ತು. ನಂದೊಂದು ಉಳ್ದದೆ.”

“ಎಂತದು?”

“ನಾವಿಬ್ರೂ ಒಟ್ಟಿಗೆ ಕವಳ ಹಾಕೂದಿಲ್ಲ ಇನ್ನು. ಕೊಡೂದು ಕೊಡ್ತೇವೆ. ಅಂವ ಹಾಕ್ಕಂಡಾಗ ನಾನು ಕೈಲಿ ಇಟ್ಕಂಡಿರ್ತೆ. ಅಂವ ಉಗಿದು ಬಂದ ಮೇಲೆ ನಾನು. ಇಬ್ರಲ್ಲಿ ಒಬ್ಬಂಗೆ ಕೂಗೂಕೆ ಬರ್ಬೇಕು.”

ಹೊರಗಿನವರಿಗೆ ಇದು ನಗುವ ಮಾತು. ಕವಳ ಹಾಕುವವರಿಗೆ ಗೊತ್ತು, ಮಡಚಿದ ಎಲೆಯನ್ನು ಕೈಯಲ್ಲಿ ಹಿಡಿದು ಪಕ್ಕದವನ ಬಾಯಿ ಖಾಲಿಯಾಗುವವರೆಗೆ ಕಾಯುವುದು ಎಂಥ ತಪಸ್ಸು ಎಂದು.

“ಬಸಣ್ಣ ಒಪ್ಪಿದ್ನಾ?” ಎಂದೆ.

“ಅಂವಗೆ ಹೇಳಿದ್ದೆ, ಒಪ್ದೇ ಇದ್ರೆ ಮುಂದಿನ ಸಲ ಡಬ್ಬಿ ಹುಡ್ಕೂಕೆ ನಾನೇ ಒಳಗೆ ಹೋಗ್ತೆ, ನೀನು ಕೂಗು ನೋಡುವಾ ಅಂತ.”

ಆ ವಾರ ಅಳಿಯ ಒಂದೇ ಒಂದು ಸಲ ಮುನಿದ. ಕುಲಕರ್ಣಿಯವರು ಯಾರೋ ಅತಿಥಿಗಳನ್ನು ಕರೆತಂದು ಕೈ ಬೀಸಿ ವಿವರಿಸುತ್ತಿದ್ದಾಗ. ಬಾಗಿಲುಗಳು ಹಿಂದೆಂದಿಗಿಂತ ಹೆಚ್ಚು ಹೊರಬಿದ್ದವು. ಅದರ ಶ್ರೇಯಸ್ಸು ಯಾರಿಗೆ ಸಲ್ಲಬೇಕೆಂದು ಕಾರ್ಖಾನೆಯಲ್ಲಿ ಚರ್ಚೆಯಾಗಲಿಲ್ಲ, ಎಲ್ಲರೂ ತಮ್ಮದೇ ಎಂದುಕೊಂಡರು. ಅದು ಒಳ್ಳೆಯ ಲಕ್ಷಣ.

ಕಳೆದ ತಿಂಗಳು ಯಲ್ಲಾಪುರಕ್ಕೆ ಮದುವೆಗೆ ಹೋದವನು ಕಾರ್ಖಾನೆಯ ಒಳಗೆ ಹೋಗಿ ಎಲ್ಲರನ್ನೂ ಮಾತಾಡಿಸಿ ಬಂದೆ. ತಲೆಗೆ ಟೋಪಿ, ಕಾಲಿಗೆ ಬೂಟು ಕೊಟ್ಟು ಬಿಟ್ಟರು. ಅಳಿಯ ತನ್ನ ಪಾಡಿಗೆ ತಿರುಗುತ್ತಿದ್ದ. ಮಾಬ್ಲನ ಕೆನ್ನೆ ಉಬ್ಬಿತ್ತು, ನನ್ನನ್ನು ಕಂಡು ಗಲ್ಲ ಮೇಲಕ್ಕೆತ್ತಿ ಕಣ್ಣಲ್ಲೇ ನಕ್ಕ. ಬಸಣ್ಣ ಎಲೆಗೆ ಸುಣ್ಣ ಹಚ್ಚಿ, ಮಡಚಿ ನನ್ನ ಕಡೆ ಚಾಚಿದ.

“ತಗೋರಿ ನಾಯ್ಕರ. ಈಗ ನೀವು ಇಲ್ಲಿ ಕೆಲಸಾ ಮಾಡಂಗಿಲ್ಲಲ್ಲ, ನಿಮಗ ಅಡ್ಡಿಲ್ಲ.”

“ನಿನಗೆ?”

“ನಂದು ಈಗ ಕೂಗೋ ಪಾಳಿ ಐತ್ರಿ” ಎಂದ.